ಭೂಕಂಪ ಮತ್ತು ಕೆಂಪುಕಲ್ಲಿನ ಕಟ್ಟಡ: ಸಂಪಾಜೆ ಪರಿಸರದ ಮನೆಗಳು ಹಾಗೂ ಬಸದಿಗಳ ಗೋಡೆಗಳಿಗೆ ಬೇಕಾದ ಭದ್ರತೆ

ಸುಳ್ಯದಿಂದ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ, ಘಾಟಿ ಏರುವ ಮೊದಲು ಪಯಸ್ವಿನಿ ನದಿಯ ಬದಿಯಲ್ಲಿ ಸಿಗುವ ಊರು ಸಂಪಾಜೆ. ಹೆಸರು ಒಂದೇ ಆದರೂ ಗ್ರಾಮಗಳು ಎರಡು. ಒಂದು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿಗೆ ಸೇರಿದೆ, ಇನ್ನೊಂದು ಕೊಡಗು ಜಿಲ್ಲೆಯ ಮಡಿಕೇರಿ ತಾಲ್ಲೂಕಿಗೆ ಸೇರಿದೆ. ಅಡಕೆ ತೋಟ, ರಬ್ಬರ್ ತೋಟಗಳ ನಡುವೆ, ಗುಡ್ಡದ ಬದಿಯನ್ನು ಕಡಿದು ಸಮತಟ್ಟು ಮಾಡಿದ ಜಾಗಗಳಲ್ಲಿ ಇಲ್ಲಿನ ಮನೆಗಳು ನಿಂತಿವೆ. ಹೆಚ್ಚಿನವುಗಳ ಗೋಡೆ ಕೆಂಪುಕಲ್ಲಿನದು. ಹಳೆಯ ಮನೆಗಳಿಗೆ ಹಂಚಿನ ಮಾಡು, ಹೊಸ ಮನೆಗಳಿಗೆ ಕಾಂಕ್ರೀಟ್ ತಾರಸಿ.

2022ರ ಜೂನ್ ಕೊನೆಯ ವಾರದಲ್ಲಿ ಈ ಮನೆಗಳು ನಡುಗಿದವು. ಜೂನ್ 25ರಂದು ರಿಕ್ಟರ್ ಮಾಪಕದಲ್ಲಿ 2.3ರಷ್ಟು, ಜೂನ್ 28ರ ಬೆಳಿಗ್ಗೆ 3.0ರಷ್ಟು ಕಂಪನ ದಾಖಲಾಯಿತು. ಎರಡನೆಯದರ ಕೇಂದ್ರ ಸಂಪಾಜೆಗೆ ಸಮೀಪದ ಚೆಂಬು ಗ್ರಾಮದ ಸುತ್ತಮುತ್ತ ಇತ್ತು. ಜುಲೈಯಲ್ಲಿಯೂ ಸಣ್ಣ ಕಂಪನಗಳು ಮುಂದುವರಿದವು. ಸಂಪಾಜೆ, ಕಲ್ಲುಗುಂಡಿ, ಅರಂತೋಡು, ಸುಳ್ಯದ ಕಡೆಯ ಜನ ನೆಲದೊಳಗಿನಿಂದ ಬಂದಂತಹ ಶಬ್ದ ಕೇಳಿ ಹೊರಗೆ ಓಡಿದರು. ಕೆಲವು ಮನೆಗಳ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಪ್ರಾಣಹಾನಿ ಆಗಲಿಲ್ಲ.

ಇಷ್ಟು ಸಣ್ಣ ಕಂಪನಕ್ಕೆ ಗೋಡೆ ಏಕೆ ಬಿರಿಯಿತು, ಇದಕ್ಕಿಂತ ದೊಡ್ಡದು ಬಂದರೆ ಇಂತಹ ಕಟ್ಟಡ ಹೇಗೆ ವರ್ತಿಸುತ್ತದೆ, ಅದನ್ನು ನಿಲ್ಲಿಸಲು ಏನು ಮಾಡಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ. ತುಳುನಾಡಿನ ಅನೇಕ ಬಸದಿಗಳೂ ಇದೇ ಕಲ್ಲಿನವಾದ್ದರಿಂದ, ಜೀರ್ಣೋದ್ಧಾರ ಕೈಗೊಳ್ಳುವವರಿಗೂ ಈ ಮಾಹಿತಿ ಅಗತ್ಯ.

ಈ ಪ್ರದೇಶದ ಭೂಕಂಪ ವಲಯ

ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 1893 ಎಂಬ ಸಂಹಿತೆ ದೇಶವನ್ನು ಭೂಕಂಪದ ಅಪಾಯಕ್ಕೆ ಅನುಗುಣವಾಗಿ ವಿಂಗಡಿಸುತ್ತದೆ. 2016ರ ಆವೃತ್ತಿಯಲ್ಲಿ 2ರಿಂದ 5ರವರೆಗೆ ನಾಲ್ಕು ವಲಯಗಳಿವೆ. ಅದರಲ್ಲಿ ಮಂಗಳೂರು 3ನೇ ವಲಯದಲ್ಲಿದೆ. ಬೆಂಗಳೂರು ಮತ್ತು ಮೈಸೂರು 2ನೇ ವಲಯದಲ್ಲಿವೆ. ಅಂದರೆ ಕರಾವಳಿಯ ಕಟ್ಟಡಕ್ಕೆ ಇರುವ ಅಪಾಯವನ್ನು ಸಂಹಿತೆ ರಾಜಧಾನಿಗಿಂತ ಹೆಚ್ಚು ಎಂದೇ ಪರಿಗಣಿಸಿದೆ.

ದಕ್ಷಿಣ ಭಾರತದ ನೆಲ ಗಟ್ಟಿ, ಇಲ್ಲಿ ಭೂಕಂಪ ಆಗುವುದಿಲ್ಲ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. 1900ರ ಫೆಬ್ರವರಿ 8ರಂದು ಕೊಯಮತ್ತೂರಿನ ಬಳಿ ಸುಮಾರು 6ರ ಪ್ರಮಾಣದ ಭೂಕಂಪ ಸಂಭವಿಸಿತ್ತು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ 6ನ್ನು ಮೀರಿದ ಭೂಕಂಪವಾಯಿತು. 1993ರ ಸೆಪ್ಟೆಂಬರ್ 30ರ ಮುಂಜಾನೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 6.2ರ ಪ್ರಮಾಣದ ಭೂಕಂಪಕ್ಕೆ ಏಳು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಅತ್ಯಂತ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟು 2ನೆಯದರಲ್ಲಿ ಸೇರಿಸಲಾಯಿತು.

ಮಾಪಕದಲ್ಲಿ ಒಂದು ಅಂಕೆ ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಕಿಲ್ಲಾರಿಯ ಭೂಕಂಪದ ಶಕ್ತಿ 2022ರ ಜೂನ್ 28ರ ಕಂಪನದ ಸುಮಾರು 60 ಸಾವಿರ ಪಟ್ಟು. ಆದ್ದರಿಂದ ಅಂದು ಮನೆ ಬೀಳಲಿಲ್ಲ ಎಂಬುದನ್ನು ಮನೆ ಭದ್ರವಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ. ಅಂದು ಬಿರುಕು ಬಿಟ್ಟ ಜಾಗ ಯಾವುದು ಎಂಬುದು ಮಾತ್ರ ಉಪಯುಕ್ತ ಮಾಹಿತಿ. ಕಟ್ಟಡದ ದುರ್ಬಲ ಭಾಗ ಅಲ್ಲಿದೆ.

ನೆಲ ಅಲುಗಿದಾಗ ಗೋಡೆಗೆ ಏನಾಗುತ್ತದೆ

ಕಲ್ಲು, ಇಟ್ಟಿಗೆ, ಗಾರೆಗಳಿಂದ ಕಟ್ಟಿದ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ. ಅದನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಗೋಡೆಯ ಮೇಲೆ ಬೀಳುವುದು ಮಾಡಿನ ಮತ್ತು ತನ್ನದೇ ತೂಕದ ಒತ್ತಡ ಮಾತ್ರ. ಹೀಗಾಗಿ ನೂರು ವರ್ಷ ನಿಂತ ಗೋಡೆಯ ದೌರ್ಬಲ್ಯ ಗೊತ್ತಾಗದೆ ಉಳಿಯಬಹುದು.

ಭೂಕಂಪದಲ್ಲಿ ನೆಲ ಅಡ್ಡಡ್ಡಲಾಗಿ ಚಲಿಸುತ್ತದೆ. ಪಂಚಾಂಗ ನೆಲದೊಂದಿಗೆ ಸರಿಯುತ್ತದೆ, ಮೇಲಿನ ಭಾಗ ಇದ್ದಲ್ಲೇ ಉಳಿಯಲು ನೋಡುತ್ತದೆ. ಬಸ್ಸು ಒಮ್ಮೆಲೇ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ ಗೋಡೆಯೂ ವಾಲುತ್ತದೆ. ಆಗ ಗೋಡೆಯ ಒಂದು ಬದಿಯಲ್ಲಿ ಎಳೆತ ಉಂಟಾಗುತ್ತದೆ.

ಕಂಪನ ಗೋಡೆಯ ಉದ್ದದ ದಿಕ್ಕಿನಲ್ಲಿ ಬಂದರೆ ಗೋಡೆ ಬಹಳಷ್ಟನ್ನು ತಾಳಿಕೊಳ್ಳುತ್ತದೆ. ಮಿತಿ ಮೀರಿದಾಗ ಕಿಟಕಿಯ ಮೂಲೆಗಳಿಂದ ಓರೆಯಾದ ಬಿರುಕು ಹೊರಡುತ್ತದೆ. ಎರಡೂ ದಿಕ್ಕಿಗೆ ಅಲುಗಿದಾಗ ಅದು ಕತ್ತರಿಯ ಆಕಾರ ಪಡೆಯುತ್ತದೆ. ಕಂಪನ ಗೋಡೆಗೆ ಅಡ್ಡವಾಗಿ ಬಂದರೆ ಸ್ಥಿತಿ ಬೇರೆ. ಗೋಡೆ ತೆಳು, ಎತ್ತರ ಹೆಚ್ಚು. ಅದನ್ನು ಹಿಡಿಯುವುದು ಎರಡು ತುದಿಗಳಲ್ಲಿರುವ ಅಡ್ಡಗೋಡೆಗಳು ಮಾತ್ರ. ಮೂಲೆಯಲ್ಲಿ ಜೋಡಣೆ ಬಿಟ್ಟರೆ ಗೋಡೆ ಇಡಿಯಾಗಿ ಹೊರಕ್ಕೆ ಬೀಳುತ್ತದೆ, ಅದರ ಹಿಂದೆ ಮಾಡು ಇಳಿಯುತ್ತದೆ. ಕಲ್ಲುಕಟ್ಟಡಗಳಲ್ಲಿ ಜೀವಹಾನಿ ಹೆಚ್ಚಾಗಿ ಆಗುವುದು ಹೀಗೆ.

ಆದ್ದರಿಂದ ಭೂಕಂಪ ನಿರೋಧಕ ಕಟ್ಟಡದ ಮೊದಲ ನಿಯಮ, ನಾಲ್ಕು ಗೋಡೆಗಳು ಒಂದೇ ಪೆಟ್ಟಿಗೆಯಂತೆ ಕೆಲಸ ಮಾಡಬೇಕು ಎಂಬುದು. ಒಂದು ಗೋಡೆ ವಾಲಲು ಹೊರಟಾಗ ಪಕ್ಕದ ಎರಡು ಗೋಡೆಗಳು ಅದನ್ನು ಹಿಡಿದಿಡಬೇಕು. ಬಿದಿರಿನ ಬುಟ್ಟಿಗೆ ಬಾಯಿಯ ಸುತ್ತ ದಪ್ಪ ಪಟ್ಟಿ ಹೆಣೆಯುವುದು ಇದೇ ಕಾರಣಕ್ಕೆ. ಆ ಪಟ್ಟಿ ಬಿಟ್ಟರೆ ಬುಟ್ಟಿಯ ಬದಿಗಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ.

ಕೆಂಪುಕಲ್ಲಿನ ಗುಣ

ಕೆಂಪುಕಲ್ಲಿಗೆ ತುಳುವಿನಲ್ಲಿ ಮುರಕಲ್ಲು ಎನ್ನುತ್ತಾರೆ, ಕನ್ನಡದಲ್ಲಿ ಜಂಬಿಟ್ಟಿಗೆ ಎಂಬ ಹೆಸರೂ ಇದೆ. ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಲ್ಯಾಟರೈಟ್ ಎಂದು ಹೆಸರಿಸಿದ. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲಕ್ಕೂ ಇಟ್ಟಿಗೆ ಎಂದೇ ಅರ್ಥ. ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಣಗಿದಂತೆ ಗಟ್ಟಿಯಾಗುವುದು ಇದರ ವಿಶೇಷ.

ಒಂದು ಗಣಿಯ ಕಲ್ಲಿಗೂ ಇನ್ನೊಂದು ಗಣಿಯ ಕಲ್ಲಿಗೂ, ಒಂದೇ ಗಣಿಯ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಬಲದಲ್ಲಿ ವ್ಯತ್ಯಾಸ ಇರುತ್ತದೆ. ಬಿಳಿ ಜೇಡಿ ತುಂಬಿದ ಕಲ್ಲು ದುರ್ಬಲ. ನೀರು ಹೀರಿದಾಗ ಕಲ್ಲಿನ ಬಲ ಕುಗ್ಗುತ್ತದೆ. ಸಂಪಾಜೆಯಂತಹ ಹೆಚ್ಚು ಮಳೆಯ ಊರಿನಲ್ಲಿ ಗೋಡೆಯ ಬುಡ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. 2022ರ ಕಂಪನಗಳು ಬಂದದ್ದೂ ಮಳೆಗಾಲದಲ್ಲಿಯೇ. ಸಾಕಷ್ಟು ಒಣಗಿದ ಕಲ್ಲನ್ನು ಬಳಸುವುದು, ಎತ್ತರದ ಪಂಚಾಂಗ ಹಾಕುವುದು, ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ನೋಡಿಕೊಳ್ಳುವುದು ಭೂಕಂಪದ ದೃಷ್ಟಿಯಿಂದಲೂ ಮುಖ್ಯ.

ಆದರೂ ಗೋಡೆ ಬೀಳುವುದು ಕಲ್ಲು ಒಡೆದು ಅಲ್ಲ, ಹೆಚ್ಚಾಗಿ ಕಲ್ಲು ಮತ್ತು ಗಾರೆಯ ನಡುವಿನ ಹಿಡಿತ ತಪ್ಪಿ. ಮಣ್ಣಿನ ಗಾರೆ ಮಳೆಗೆ ಕರಗುತ್ತದೆ, ಎಳೆತವನ್ನು ತಡೆಯುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ ಸಾಮಾನ್ಯ ಮನೆಗೆ ಸಾಕು. ಕಲ್ಲನ್ನು ಮೊದಲು ನೀರಿನಲ್ಲಿ ತೋಯಿಸದಿದ್ದರೆ ಅದು ಗಾರೆಯ ನೀರನ್ನು ಹೀರಿಕೊಂಡು ಹಿಡಿತ ಕೆಡುತ್ತದೆ. ಎರಡು ಕಲ್ಲುಗಳ ನಡುವಿನ ನಿಲುವು ಸಂದಿಯನ್ನು ಖಾಲಿ ಬಿಟ್ಟು ಹೊರಗಿನಿಂದ ಮಾತ್ರ ಗಾರೆ ಒರಸುವುದು ಹಲವೆಡೆ ಕಾಣುವ ದೋಷ. ಮೂಲೆಗಳಲ್ಲಿ ಎರಡು ಗೋಡೆಗಳ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಂತೆ ವರಸೆ ಏರಬೇಕು. ಒಂದು ಗೋಡೆಯನ್ನು ಪೂರ್ಣ ಎಬ್ಬಿಸಿ, ಬಳಿಕ ಇನ್ನೊಂದನ್ನು ಅದಕ್ಕೆ ತಾಗಿಸಿ ಕಟ್ಟಿದರೆ ಆ ಮೂಲೆಯೇ ಮೊದಲು ಬಿಚ್ಚಿಕೊಳ್ಳುತ್ತದೆ.

ಕಾಡುಕಲ್ಲಿನ ದಪ್ಪ ಗೋಡೆಗಳಲ್ಲಿ ಇನ್ನೊಂದು ಅಪಾಯವಿದೆ. ಒಳಗೊಂದು, ಹೊರಗೊಂದು ಸಾಲು ಕಟ್ಟಿ ನಡುವೆ ಚೂರುಕಲ್ಲು, ಮಣ್ಣು ತುಂಬಿದ ಗೋಡೆ ಭೂಕಂಪದಲ್ಲಿ ಎರಡು ಹೋಳಾಗುತ್ತದೆ. ಕಿಲ್ಲಾರಿಯ ಮನೆಗಳ ಗೋಡೆಗಳು ಹೆಚ್ಚಾಗಿ ಇಂತಹವು. ಅವುಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆಯೂ ಇತ್ತು. ಗೋಡೆಯ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಹಾದು ನಿಲ್ಲುವ ಉದ್ದನೆಯ ಕಲ್ಲನ್ನು ಪ್ರತಿ 600 ಮಿ.ಮೀ. ಎತ್ತರಕ್ಕೆ, 1.2 ಮೀಟರ್‌ಗೆ ಮೀರದ ಅಂತರದಲ್ಲಿ ಇಡಬೇಕು ಎಂದು ಐ.ಎಸ್. 13828 ಹೇಳುತ್ತದೆ.

ಮಾಡಿನ ತೂಕ

ಭೂಕಂಪದ ಬಲ ಕಟ್ಟಡದ ತೂಕಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಮಂಗಳೂರು ಹಂಚು ಮತ್ತು ರೀಪು ಸೇರಿ ಚದರ ಮೀಟರ್‌ಗೆ ಸುಮಾರು 65 ಕಿಲೊ ತೂಗುತ್ತದೆ. ಪಕ್ಕಾಸು, ತೊಲೆಗಳ ತೂಕ ಅದಕ್ಕೆ ಸೇರುತ್ತದೆ. ನಾಲ್ಕು ಇಂಚಿನ ಕಾಂಕ್ರೀಟ್ ತಾರಸಿ ಚದರ ಮೀಟರ್‌ಗೆ 250 ಕಿಲೊ ತೂಗುತ್ತದೆ. ನೂರು ಚದರ ಮೀಟರ್‌ನ ಮನೆಗೆ ಹಂಚು ಸುಮಾರು ಆರೂವರೆ ಟನ್, ತಾರಸಿ 25 ಟನ್.

ಕಬ್ಬಿಣ ಸೇರಿಸದ ಗೋಡೆಯ ಚಿಕ್ಕ ಮನೆಗೆ 3ನೇ ವಲಯದಲ್ಲಿ ಐ.ಎಸ್. 1893ರ ಸೂತ್ರ ಹಾಕಿದರೆ, ತೂಕದ ಸುಮಾರು ಶೇ. 13ರಷ್ಟು ಬಲ ಅಡ್ಡಡ್ಡಲಾಗಿ ಬೀಳುತ್ತದೆ ಎಂದು ಎಣಿಸಬೇಕು. ತಾರಸಿಯೊಂದರಿಂದಲೇ ಗೋಡೆಗಳ ತಲೆಯ ಮೇಲೆ ಮೂರು ಟನ್‌ಗಿಂತ ಹೆಚ್ಚಿನ ಬಲ ಬಂದಂತಾಯಿತು. ಹಂಚಿನ ಮಾಡಿನಿಂದ ಬರುವುದು ಒಂದು ಟನ್ ಆಸುಪಾಸು.

ತಾರಸಿಯಿಂದ ಅನುಕೂಲವೂ ಇದೆ. ಎಲ್ಲ ಗೋಡೆಗಳ ಮೇಲೆ ಪೂರ್ತಿಯಾಗಿ ಕುಳಿತ ತಾರಸಿ ಗೋಡೆಗಳ ತಲೆಯನ್ನು ಒಟ್ಟಾಗಿ ಹಿಡಿಯುತ್ತದೆ. ಹಂಚಿನ ಮಾಡಿಗೆ ಆ ಗುಣ ತಾನಾಗಿ ಬರುವುದಿಲ್ಲ. ತೊಲೆಗಳನ್ನು ಗೋಡೆಗೆ ಬಿಗಿಯದೆ ಸುಮ್ಮನೆ ಇಟ್ಟಿದ್ದರೆ ಅವು ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಹೆಚ್ಚು ಅಪಾಯ ಇರುವುದು, ಹಂಚಿನ ಮಾಡಿಗೆಂದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಯ ಮೇಲೆ ಮಾಡು ತೆಗೆದು ತಾರಸಿ ಹಾಕಿದಾಗ, ಅಥವಾ ಒಂದು ಅಂತಸ್ತಿನ ಗೋಡೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿದಾಗ.

ಕಾಂಕ್ರೀಟ್ ಪಟ್ಟಿ: ಕ್ವೆಟ್ಟಾದಿಂದ ರೂರ್ಕಿಯವರೆಗೆ

ಗೋಡೆಗಳನ್ನು ಬಿಗಿದು ಕಟ್ಟುವ ವಿಧಾನಕ್ಕೆ ಉಪಖಂಡದಲ್ಲಿ ಹಳೆಯ ಇತಿಹಾಸವಿದೆ. ಬಲೂಚಿಸ್ತಾನದಲ್ಲಿ 1931ರ ಮಾಚ್ ಭೂಕಂಪದ ಬಳಿಕ ರೈಲ್ವೆ ಎಂಜಿನಿಯರ್ ಎಸ್.ಎಲ್. ಕುಮಾರ್ ಅವರು ಕ್ವೆಟ್ಟಾದಲ್ಲಿ ಭೂಕಂಪ ತಾಳುವಂತೆ ರೈಲ್ವೆ ವಸತಿಗಳನ್ನು ಕಟ್ಟಿಸಿದರು. 1935ರ ಮೇ 31ರಂದು ಕ್ವೆಟ್ಟಾ ನಗರ ನೆಲಸಮವಾದಾಗ ಆ ವಸತಿಗಳು ನಿಂತೇ ಇದ್ದವು.

ಸ್ವಾತಂತ್ರ್ಯಾನಂತರ ರೂರ್ಕಿ ವಿಶ್ವವಿದ್ಯಾಲಯದಲ್ಲಿ ಜೈಕೃಷ್ಣ, ಆನಂದಸ್ವರೂಪ ಆರ್ಯ ಮೊದಲಾದವರು ಈ ವಿಷಯದಲ್ಲಿ ಸಂಶೋಧನೆ ನಡೆಸಿದರು. 1962ರಲ್ಲಿ ಐ.ಎಸ್. 1893, 1967ರಲ್ಲಿ ಐ.ಎಸ್. 4326 ಮೊದಲ ಬಾರಿಗೆ ಪ್ರಕಟವಾದವು. ಗೋಡೆಗಳ ಸುತ್ತ ಎಲ್ಲಿಯೂ ತುಂಡಾಗದಂತೆ ಓಡುವ ಕಾಂಕ್ರೀಟ್ ಪಟ್ಟಿ ಈ ಎರಡನೆಯ ಸಂಹಿತೆಯ ಮುಖ್ಯ ಅಂಶ. ಮೇಸ್ತ್ರಿಗಳು ಇದನ್ನು ಬೆಲ್ಟ್ ಎನ್ನುತ್ತಾರೆ.

ಪಟ್ಟಿ ಪಂಚಾಂಗದ ಮೇಲೆ, ಬಾಗಿಲು ಕಿಟಕಿಗಳ ಮೇಲೆ ಲಿಂಟಲ್ ಮಟ್ಟದಲ್ಲಿ, ಹಂಚಿನ ಮಾಡಿದ್ದರೆ ಗೋಡೆಯ ತಲೆಯಲ್ಲಿ ಮತ್ತು ತ್ರಿಕೋನ ಗೋಡೆಯ ಅಂಚಿನಲ್ಲಿ ಬರಬೇಕು. ಇವುಗಳಲ್ಲಿ ಲಿಂಟಲ್ ಮಟ್ಟದ ಪಟ್ಟಿ ಅತ್ಯಂತ ಮುಖ್ಯ. ಗೋಡೆಯಷ್ಟೇ ಅಗಲ, ಕನಿಷ್ಠ 75 ಮಿ.ಮೀ. ದಪ್ಪ, ಒಳಗೆ ಎರಡು ಸರಳು, 150 ಮಿ.ಮೀ.ಗೆ ಒಂದರಂತೆ 6 ಮಿ.ಮೀ. ಕೊಂಡಿ ಎಂಬುದು ಚಿಕ್ಕ ಮನೆಗೆ ಬೇಕಾದ ಕನಿಷ್ಠ ಅಳತೆ. ಮೂಲೆಯಲ್ಲಿ ಸರಳುಗಳು ಬಾಗಿ ಮುಂದಿನ ಗೋಡೆಗೆ ಸಾಗಬೇಕು. ಕಿಟಕಿ ಇರುವಷ್ಟು ಜಾಗಕ್ಕೆ ಮಾತ್ರ ಲಿಂಟಲ್ ಹಾಕಿ ನಿಲ್ಲಿಸಿದರೆ ಅದು ಮೇಲಿನ ಕಲ್ಲನ್ನು ಹೊರುತ್ತದೆಯೇ ಹೊರತು ಗೋಡೆಗಳನ್ನು ಕಟ್ಟುವುದಿಲ್ಲ. ಕರಾವಳಿಯ ಅನೇಕ ಮನೆಗಳಲ್ಲಿ ಇರುವುದು ಈ ತುಂಡು ಲಿಂಟಲ್.

ಬಾಗಿಲು ಕಿಟಕಿಗಳಿಗೂ ಮಿತಿ ಇದೆ. ಸಂಹಿತೆಯ ಕಟ್ಟುನಿಟ್ಟಿನ ವರ್ಗದಲ್ಲಿ, ಒಂದು ಅಂತಸ್ತಿನ ಮನೆಯ ಗೋಡೆಯ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತೆರವು ಇರಬಾರದು. ಎರಡು ಅಂತಸ್ತಾದರೆ ಶೇ. 42 ಮೀರಬಾರದು. ಕಿಟಕಿ ಮೂಲೆಯಿಂದ ಕನಿಷ್ಠ 450 ಮಿ.ಮೀ. ದೂರ ಇರಬೇಕು. ಮೂಲೆಗಳಲ್ಲಿ ಮತ್ತು ಬಾಗಿಲ ಬದಿಗಳಲ್ಲಿ ಪಂಚಾಂಗದಿಂದ ಮೇಲಿನವರೆಗೆ ನಿಲುವು ಸರಳು ಹಾಕಿದರೆ ಗೋಡೆಯ ಬಲ ಇನ್ನೂ ಹೆಚ್ಚುತ್ತದೆ.

ಬೆಂಗಳೂರಿನ ಸಂಶೋಧನೆ

2001ರ ಜನವರಿ 26ರ ಭುಜ್ ಭೂಕಂಪದ ನಂತರ ಬೆಂಗಳೂರಿನ ಸಂಶೋಧಕರಾದ ಕೆ.ಎಸ್. ಜಗದೀಶ್, ಎಸ್. ರಘುನಾಥ್ ಮತ್ತು ಕೆ.ಎಸ್. ನಂಜುಂಡರಾವ್ ಅವರು ಅಲ್ಲಿನ ಕಲ್ಲು, ಇಟ್ಟಿಗೆ ಕಟ್ಟಡಗಳ ಹಾನಿಯನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಗೋಡೆ ಅಡ್ಡಡ್ಡಲಾಗಿ ಬಾಗಿ ಮುರಿಯುವುದನ್ನು ತಡೆಯಲು ಅವರು ಸೂಚಿಸಿದ ವಿಧಾನದಲ್ಲಿ ಗೋಡೆಯ ಎರಡೂ ಮುಖಗಳಿಗೆ ಅಂಟಿಕೊಂಡಂತೆ ನಿಲುವು ಸರಳುಗಳನ್ನು ನಿಲ್ಲಿಸಿ, ವರಸೆಗಳ ನಡುವಿನ ಗಾರೆಯಲ್ಲಿ ಹಾಯುವ ಕೊಂಡಿಗಳಿಂದ ಒಂದಕ್ಕೊಂದು ಬಿಗಿಯಲಾಗುತ್ತದೆ. ಗೋಡೆ ಬಿರಿದರೂ ತುಂಡಾಗಿ ಉದುರದಂತೆ ಈ ಸರಳುಗಳು ತಡೆಯುತ್ತವೆ. ಮಧ್ಯದಲ್ಲಿ ಅಡ್ಡಗೋಡೆಯ ಆಸರೆ ಇಲ್ಲದ ಉದ್ದ ಗೋಡೆಗಳಿಗೆ, ಅಂದರೆ ಸಭಾಂಗಣ, ಶಾಲೆ, ಛತ್ರಗಳಂತಹ ಕಟ್ಟಡಗಳಿಗೆ ಈ ಕ್ರಮ ವಿಶೇಷವಾಗಿ ಪ್ರಯೋಜನಕಾರಿ. ಕೆಂಪುಕಲ್ಲಿನ ಒಳಗೆ ತೂತು ಕೊರೆದು ಸರಳು ನಿಲ್ಲಿಸುವುದು ಕಷ್ಟವಾದ್ದರಿಂದಲೂ ಮುಖದ ಮೇಲೆ ನಿಲ್ಲಿಸುವ ಕ್ರಮ ನಮ್ಮ ಕಡೆಗೆ ಹೊಂದುತ್ತದೆ.

ಮನೆಯ ಹಿಂದಿನ ಬರೆ

2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳು ಕುಸಿದು ಜೀವಹಾನಿ ಆಗಿ, ಹೆದ್ದಾರಿ ಮುಚ್ಚಿತ್ತು. ಇಲ್ಲಿ ಮನೆಯ ಭದ್ರತೆಯನ್ನು ಗುಡ್ಡದಿಂದ ಬೇರ್ಪಡಿಸಿ ನೋಡಲಾಗದು. ನಿಲುವಾಗಿ ಕಡಿದ ಬರೆಯ ಬುಡದಲ್ಲಿ ಮನೆ ಇದ್ದರೆ, ಮಳೆಯಲ್ಲಿ ನೆನೆದ ಮಣ್ಣಿಗೆ ಸಣ್ಣ ಕಂಪನವೂ ಕುಸಿಯಲು ನೆಪವಾಗಬಹುದು. ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿಸಿದ ಮಣ್ಣಿನ ಮೇಲೆ ನಿಂತಿದ್ದರೆ ತುಂಬಿಸಿದ ಬದಿ ಕುಗ್ಗಿ ಗೋಡೆ ಬಿರಿಯುತ್ತದೆ. ಇಂತಹ ಬಿರುಕು ಕೆಳಗಿನಿಂದ ಹೊರಟು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಅದನ್ನು ಭೂಕಂಪದ ಬಿರುಕೆಂದು ತಿಳಿದು ಗಾರೆ ತುಂಬಿದರೆ ಪ್ರಯೋಜನವಿಲ್ಲ. ಬರೆಯ ಮೇಲಿನ ನೀರಿಗೆ ಬೇರೆ ದಾರಿ ಮಾಡುವುದು, ಪಂಚಾಂಗವನ್ನು ಗಟ್ಟಿ ನೆಲಕ್ಕೆ ಇಳಿಸುವುದು ಮೊದಲಾಗಬೇಕು.

ಇರುವ ಮನೆಯನ್ನು ಬಲಪಡಿಸುವ ಕ್ರಮ

ಬಿರುಕು ಕಂಡಾಗ ಮೊದಲು ಅದು ಗಿಲಾಯಿಯಲ್ಲಿ ಮಾತ್ರ ಇದೆಯೇ, ಗೋಡೆಯ ಎರಡೂ ಬದಿಗೆ ಹಾದಿದೆಯೇ ಎಂದು ನೋಡಬೇಕು. ತುದಿಗಳಲ್ಲಿ ಗುರುತು ಹಾಕಿ ದಿನಾಂಕ ಬರೆದಿಟ್ಟರೆ ಅದು ಬೆಳೆಯುತ್ತಿದೆಯೇ ಎಂಬುದು ತಿಳಿಯುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಇಳಿಯುವ ನೇರ ಬಿರುಕು ಗಂಭೀರ. ಅಲ್ಲಿ ಗೋಡೆಗಳು ಬೇರ್ಪಡುತ್ತಿವೆ.

ಸಣ್ಣ ಬಿರುಕಿಗೆ ಸಿಮೆಂಟ್ ಹಾಲು ತುಂಬಿಸಬಹುದು. ಬೇರ್ಪಡುತ್ತಿರುವ ಗೋಡೆಗಳಿಗೆ ಗಿಲಾಯಿ ಕೆತ್ತಿ, ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತ ವೆಲ್ಡ್ ಮಾಡಿದ ಕಬ್ಬಿಣದ ಬಲೆಯನ್ನು ಗೋಡೆಗೆ ಬಿಗಿದು ಮೇಲೆ ಗಾರೆ ಹಾಕುವ ಕ್ರಮ ಐ.ಎಸ್. 13935ರಲ್ಲಿದೆ. ಮೂಲೆಗಳಲ್ಲಿ ಅದೇ ಬಲೆಯನ್ನು ನಿಲುವಾಗಿಯೂ ಹಾಕಬೇಕು. ದಪ್ಪ ಕಾಡುಕಲ್ಲಿನ ಗೋಡೆಗೆ ತೂತು ಕೊರೆದು ಕೊಕ್ಕೆಯ ಸರಳಿಟ್ಟು ಕಾಂಕ್ರೀಟ್ ತುಂಬಿ ಎರಡು ಮುಖಗಳನ್ನು ಸೇರಿಸಬಹುದು. ಹಂಚಿನ ಮಾಡಿನ ತೊಲೆಗಳನ್ನು ಗೋಡೆಗೆ ಬೋಲ್ಟ್‌ನಿಂದ ಬಿಗಿದು ಅಡ್ಡಪಟ್ಟಿ ಹೊಡೆಯುವುದು ಕಡಿಮೆ ಖರ್ಚಿನ ಕೆಲಸ. ಇವೆಲ್ಲವನ್ನು ಅರ್ಹ ಸಿವಿಲ್ ಎಂಜಿನಿಯರ್ ಬಂದು ನೋಡಿದ ನಂತರವೇ ಮಾಡಿಸಬೇಕು.

ಬಸದಿಗಳ ಜೀರ್ಣೋದ್ಧಾರದಲ್ಲಿ ಗಮನಿಸಬೇಕಾದುದು

ಕರಾವಳಿಯ ಬಸದಿಗಳ ಕಟ್ಟಡ ಒಂದೇ ಬಗೆಯದಲ್ಲ. 1586ರ ಕಾರ್ಕಳದ ಚತುರ್ಮುಖ ಬಸದಿ ಕಂಬ, ತೊಲೆ, ಚಪ್ಪಡಿಗಳೆಲ್ಲ ಶಿಲೆಯಿಂದಾದುದು. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಶಿಲೆ, ಮೇಲಿನ ಅಂತಸ್ತುಗಳಲ್ಲಿ ಮರದ ಕೆಲಸ ಇದೆ. ಊರೂರುಗಳ ಚಿಕ್ಕ ಬಸದಿಗಳಲ್ಲಿ ಕೆಂಪುಕಲ್ಲಿನ ಗೋಡೆ, ಮರದ ಮಾಡು, ಅದರ ಮೇಲೆ ಹಂಚು ಅಥವಾ ತಾಮ್ರದ ತಗಡು ಸಾಮಾನ್ಯ.

ಶಿಲಾ ಕಟ್ಟಡದಲ್ಲಿ ಕಲ್ಲುಗಳು ತೂಕದಿಂದ ಒಂದರ ಮೇಲೊಂದು ನಿಂತಿರುತ್ತವೆ. ಕಂಪನದಲ್ಲಿ ಅವು ಸ್ವಲ್ಪ ಅಲುಗಿ, ಜಾರಿ, ಮತ್ತೆ ಕುಳಿತುಕೊಳ್ಳುತ್ತವೆ. ಕಂಬ ವಾಲಿ ತೊಲೆಯ ತುದಿಗೆ ಆಸರೆ ತಪ್ಪುವುದು ಇಲ್ಲಿನ ಅಪಾಯ. ಕಂಬಗಳ ನೇರ, ತೊಲೆಯ ತುದಿ ಕಂಬದ ಬೋದಿಗೆಯ ಮೇಲೆ ಎಷ್ಟು ಕುಳಿತಿದೆ ಎಂಬುದು, ಸಂದಿಗಳಲ್ಲಿ ಬೇರು ಬಿಟ್ಟ ಗಿಡಗಳು, ಇವನ್ನು ವರ್ಷಕ್ಕೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ಕೆಂಪುಕಲ್ಲಿನ ಬಸದಿಗಳಿಗೆ ಮರದ ಹಗುರ ಮಾಡು ಒಂದು ರಕ್ಷಣೆ. ಮರ ಹಳತಾಯಿತು, ಸೋರುತ್ತದೆ ಎಂಬ ಕಾರಣಕ್ಕೆ ಅದನ್ನು ತೆಗೆದು ಹಳೆಯ ಸುಣ್ಣಗಾರೆಯ ಗೋಡೆಗಳ ಮೇಲೆ ಕಾಂಕ್ರೀಟ್ ತಾರಸಿ ಎರೆದರೆ, ಮೇಲೆ ಹೇಳಿದ ಲೆಕ್ಕದಂತೆ ಗೋಡೆಯ ತಲೆಯ ಮೇಲಿನ ಭೂಕಂಪದ ಬಲ ಮೂರು ಪಟ್ಟು ಮೀರುತ್ತದೆ. ಗರ್ಭಗೃಹದಲ್ಲಿ ಶತಮಾನಗಳ ಹಿಂದಿನ ಜಿನಬಿಂಬ ಇರುವ ಕಟ್ಟಡದಲ್ಲಿ ಈ ಬದಲಾವಣೆಯನ್ನು ಸೋರಿಕೆಯ ಪರಿಹಾರವಾಗಿ ಮಾತ್ರ ನೋಡುವುದು ಸರಿಯಲ್ಲ. ಹಾಳಾದ ಮರವನ್ನು ಮರದಿಂದಲೇ ಬದಲಿಸಿ, ಗೋಡೆಯ ತಲೆಯಲ್ಲಿ ಸುತ್ತಲೂ ಮರದ ಅಥವಾ ಕಾಂಕ್ರೀಟಿನ ಪಟ್ಟಿ ಕೊಟ್ಟು, ತೊಲೆಗಳನ್ನು ಅದಕ್ಕೆ ಬಿಗಿದರೆ ಹಳೆಯ ರೂಪವೂ ಉಳಿಯುತ್ತದೆ. ಸುಣ್ಣಗಾರೆಯ ಗೋಡೆಯನ್ನು ಸುಣ್ಣಗಾರೆಯಿಂದಲೇ ದುರಸ್ತಿ ಮಾಡಬೇಕು. ಗಟ್ಟಿ ಸಿಮೆಂಟ್ ಗಿಲಾಯಿ ಗೋಡೆಯ ತೇವವನ್ನು ಒಳಗೇ ಹಿಡಿದಿಟ್ಟು ಕಲ್ಲನ್ನು ಮೆದುಗೊಳಿಸುತ್ತದೆ. ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಯಾವ ಕೆಲಸವನ್ನೂ ಆರಂಭಿಸುವಂತಿಲ್ಲ.

ಜೀರ್ಣೋದ್ಧಾರದ ಅಂದಾಜು ಪಟ್ಟಿ ತಯಾರಿಸುವಾಗಲೇ ಗೋಡೆಯ ಗಾರೆ ಯಾವುದು, ಮೂಲೆಗಳು ಹೆಣೆದುಕೊಂಡಿವೆಯೇ, ಹೊಸ ಮಾಡಿನ ತೂಕ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಎಂಜಿನಿಯರ್‌ರಿಂದ ಲಿಖಿತ ಉತ್ತರ ಪಡೆಯುವುದು ಆಡಳಿತ ಮಂಡಳಿಗಳಿಗೆ ಸಾಧ್ಯವಿರುವ ಕೆಲಸ. ಹೊಸ ಮನೆ ಕಟ್ಟುವವರು ಲಿಂಟಲ್ ಕಾಂಕ್ರೀಟ್ ಹಾಕುವ ದಿನ ಸ್ಥಳದಲ್ಲಿದ್ದು, ಸರಳುಗಳು ನಾಲ್ಕೂ ಮೂಲೆಗಳಲ್ಲಿ ಬಾಗಿ ಸುತ್ತುವರಿದಿವೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಅದನ್ನು ಪರೀಕ್ಷಿಸಲು ಸುಲಭದ ದಾರಿ ಇಲ್ಲ.